ರಿಪೇರಿಯಲ್ಲ, ರೈಪೇರಿಯನ್

ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ನದಿನೀರಿನ ಜಗಳದ ಸುದ್ದಿ ಬಂದಾಗಲೆಲ್ಲ ಒಂದು ವಿಶೇಷಣ ತಪ್ಪದೆ ತಲೆಹಾಕುವುದುಂಟು. ಅದೇ 'ರೈಪೇರಿಯನ್'. 'ರೈಪೇರಿಯನ್ ಸ್ಟೇಟ್' ಎಂದು ಒಂದು ಕಡೆ, 'ಲೋಯರ್ ರೈಪೇರಿಯನ್' ಎಂದು ಮತ್ತೊಂದು ಕಡೆ. ಕೆಲವರು ಇದನ್ನು 'ರಿಪೇರಿಯನ್' ಎಂದೂ ಉಚ್ಚರಿಸುವರು. ನಿಘಂಟುಗಳು ಎರಡಕ್ಕೂ ಅಡ್ಡಿಯಿಲ್ಲವೆನ್ನುತ್ತವೆ. ಆದರೆ ಕನ್ನಡಿಗನ ಕಿವಿಗೆ ಎರಡನೆಯ ಉಚ್ಚಾರಣೆ ಬಿದ್ದರೆ ಸ್ವಲ್ಪ ಅಪಾಯ. ಸೈಕಲ್ ಷಾಪಿನ ಹಲಗೆಯ ಮೇಲೂ ಗಡಿಯಾರದ ಅಂಗಡಿಯ ಹಲಗೆಯ ಮೇಲೂ 'ರಿಪೇರಿ'ಯನ್ನೇ ಓದಿ ಬೆಳೆದವನಿಗೆ, ಕರ್ನಾಟಕ, ಆಂಧ್ರ, ತಮಿಳುನಾಡುಗಳು 'ರಿಪೇರಿಯನ್ ರಾಜ್ಯಗಳು' ಎಂದರೆ ಅವೆಲ್ಲ ದುರಸ್ತಿಗೆ ಬಂದಿವೆಯೆಂದೇ ಅರ್ಥವಾದೀತು. ಆ ಅರ್ಥವೂ ಪೂರ್ತಿ ಸುಳ್ಳಲ್ಲವೆನ್ನುವ ವಿನೋದಶೀಲರು ಇಲ್ಲದಿಲ್ಲ.

ಅದಂತಿರಲಿ. ಪದದ ಅರ್ಥ ಸರಳವಾದುದು. ಲ್ಯಾಟಿನ್ ಭಾಷೆಯಲ್ಲಿ 'ರೀಪಾ' ಎಂದರೆ ಹೊಳೆಯ ದಂಡೆ. ದಂಡೆಗೆ ಸೇರಿದುದು, ದಂಡೆಯ ಮೇಲಿರುವುದು, ದಂಡೆಯವನಾದ ಕಾರಣದಿಂದ ಒದಗಿದುದು—ಇವೆಲ್ಲ ರೈಪೇರಿಯನ್. ಹೊಳೆಯ ಅಂಚಿನಲ್ಲಿ ಬೆಳೆಯುವ ಹೊಂಗೆ, ಹೊಳೆಮತ್ತಿ, ನೇರಳೆಗಳ ಸಾಲನ್ನು ಸಸ್ಯಶಾಸ್ತ್ರಜ್ಞರು ರೈಪೇರಿಯನ್ ಸಸ್ಯವರ್ಗವೆನ್ನುವರು. ಹೊಳೆಯ ಅಂಚಿನಲ್ಲಿ ಹೊಲವುಳ್ಳವನನ್ನು ವಕೀಲರು ರೈಪೇರಿಯನ್ ಒಡೆಯನೆನ್ನುವರು. ಸಮುದ್ರದ ಕರೆಗೆ ಈ ಮಾತು ಸಲ್ಲದು. ಅದಕ್ಕೆ 'ಲಿಟೊರಲ್' ಎಂಬ ಬೇರೆ ಪದವಿದೆ. ನೀರಿನೊಳಗಿನ ಮೀನಿಗೂ ಸಲ್ಲದು; ಒಟ್ಟು ನದಿಗೆ ಸಂಬಂಧಿಸಿದುದನ್ನು 'ರಿವರೈನ್' ಎನ್ನುವುದು ವಾಡಿಕೆ. ಪದ ಸೊಗಸಾಗಿದೆಯೆಂದು 'ರೈಪೇರಿಯನ್ ಸೌಂದರ್ಯ' ಎಂದು ಪ್ರವಾಸಕಥನದಲ್ಲಿ ಬಳಸಿದವರೂ ಇರಬಹುದು. ವ್ಯಾಕರಣ ಅದನ್ನು ತಡೆಯದು. ಆದರೆ ಕಪ್ಪು ನಿಲುವಂಗಿ ತೊಟ್ಟ ವಕೀಲರನ್ನು ವನಭೋಜನಕ್ಕೆ ಕರೆದೊಯ್ದಂತೆ ಆಗುವುದು. ಈ ಪದದ ಮೈಗೆ ನ್ಯಾಯಾಲಯದ ವಾಸನೆ ಹತ್ತಿಬಿಟ್ಟಿದೆ.

ಅದರ ನೆಂಟರು ಮಾತ್ರ ದಿನಬಳಕೆಯ ಸಾಮಾನ್ಯರು. ನದಿಗೆ ಇಂಗ್ಲಿಷಿನಲ್ಲಿ ಹೇಳುವ 'ರಿವರ್' ಎಂಬುದೇ ಈ ದಂಡೆಯ ಪದದಿಂದ ಫ್ರೆಂಚಿನ ಮೂಲಕ ಇಳಿದು ಬಂದುದು. ಮೊದಲು ದಂಡೆಯ ನೆಲಕ್ಕಿದ್ದ ಹೆಸರು, ಕಾಲಕ್ರಮದಲ್ಲಿ ಎರಡು ದಂಡೆಗಳ ನಡುವಣ ನೀರಿಗೆ ಹೋಯಿತು. ಬಂದು ಸೇರುವುದಕ್ಕೆ ಹೇಳುವ 'ಅರೈವ್' ಕೂಡ ಇದೇ ಮನೆತನದ್ದು. ಅದರ ಮೂಲಾರ್ಥ ದಡ ಸೇರುವುದು. ನಮ್ಮವರೂ ಮಗಳ ಮದುವೆ ಮುಗಿದರೆ 'ಅಂತೂ ದಡ ಸೇರಿದೆವು' ಎನ್ನುವರಲ್ಲವೆ?

ಇನ್ನೊಂದು ಪದವಿದೆ, 'ರೈವಲ್'. ಇದು ದಂಡೆಯಿಂದ ಬಂದುದಲ್ಲ. ಕಾಲುವೆ, ತೊರೆ ಎಂಬರ್ಥದ 'ರೀವಸ್' ಎಂಬ ಬೇರೆ ಮೂಲದ್ದು. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರು 'ರಿವಾಲಿಸ್'ಗಳು ಎಂದು ರೋಮಿನ ಧರ್ಮಶಾಸ್ತ್ರಜ್ಞ ಅಲ್ಪಿಯನ್ ವಿವರಿಸಿದ್ದಾನೆ. ಒಂದೇ ನೀರಿನ ಪಾಲುಗಾರರೆಂದ ಮೇಲೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ಪಾಲುಗಾರನೆಂಬ ಪದಕ್ಕೆ ಪ್ರತಿಸ್ಪರ್ಧಿಯೆಂಬ ಅರ್ಥವೇ ಗಟ್ಟಿಯಾಯಿತು. ಈ ವಿಷಯದಲ್ಲಿ ಕನ್ನಡಿಗರು ರೋಮನರಿಗೆ ಏನೂ ಕಡಮೆಯಲ್ಲ. 'ದಾಯ' ಎಂದರೆ ಹಿರಿಯರ ಆಸ್ತಿಯ ಪಾಲು. ಅದನ್ನು ಪಡೆಯತಕ್ಕವನು ದಾಯಾದ. ಆದರೆ ಇಂದು 'ದಾಯಾದಿ' ಎಂದೊಡನೆ ಮನಸ್ಸಿಗೆ ಬರುವುದು ಪಾಲಲ್ಲ, ಮತ್ಸರ. ಸಂಸ್ಕೃತದಲ್ಲಿ ಶತ್ರುವಿಗೆ 'ಸಪತ್ನ'ನೆಂಬ ಹೆಸರು ಹುಟ್ಟಿದುದು 'ಸಪತ್ನಿ'ಯಿಂದ, ಎಂದರೆ ಸವತಿಯಿಂದ. ರೋಮಿನಲ್ಲಿ ನೀರು, ಇಲ್ಲಿ ನೆಲ ಮತ್ತು ಗಂಡ, ಜಗಳ ಒಂದೇ.

ಹಾಗಾದರೆ ರೈಪೇರಿಯನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ದಂಡೆ, ದಡ, ತಡಿ, ತೀರ, ತಟ, ಕೂಲ, ಕರೆ—ಹೆಸರುಗಳಿಗೆ ಬಡತನವಿಲ್ಲ. ಇವುಗಳಿಂದ ಹುಟ್ಟಿದ ವಿಶೇಷಣಗಳೂ ಬೇಕಾದಷ್ಟಿವೆ. ದಿನವೂ ಬಾಯಲ್ಲಿ ಆಡುತ್ತಿದ್ದರೂ ಅವುಗಳ ಬುಡದಲ್ಲಿ ಹೊಳೆಯೊಂದು ಹರಿಯುತ್ತಿದೆಯೆಂಬುದು ಮರೆತುಹೋಗಿದೆ. 'ಕೂಲ'ವೆಂದರೆ ದಂಡೆ. ದಂಡೆಯನ್ನು ಅನುಸರಿಸಿ ಹೋಗುವುದು ಅನುಕೂಲ. ದಂಡೆಗೆ ಎದುರಾಗಿ ಹೋಗುವುದು ಪ್ರತಿಕೂಲ. ಎರಡು ದಂಡೆಗಳನ್ನೂ ಉಜ್ಜಿ ಕೊರೆಯುತ್ತ ತುಂಬಿ ಹರಿಯುವ ನದಿ ಕೂಲಂಕಷ. ಸರ್ಕಾರಿ ಕಛೇರಿಗಳಲ್ಲಿ ಅರ್ಜಿಯನ್ನು 'ಕೂಲಂಕಷವಾಗಿ ಪರಿಶೀಲಿಸಲಾಗುವುದು' ಎಂದು ಬರೆಯುವ ಗುಮಾಸ್ತನಿಗೆ ತನ್ನ ಲೇಖನಿಯಿಂದ ಮಹಾಪೂರವೊಂದು ಹೊರಟಿತೆಂಬ ಅರಿವು ಇದ್ದಂತಿಲ್ಲ. ಅರ್ಜಿ ಹಾಕಿದವನಿಗೂ ಅದರ ತೇವ ತಟ್ಟುವುದು ಅಪರೂಪ.

ಎಲ್ಲಕ್ಕಿಂತ ಸೋಜಿಗದ ಪದ 'ತಟಸ್ಥ'. ತಟದ ಮೇಲೆ ನಿಂತವನು ತಟಸ್ಥ. ರೈಪೇರಿಯನ್ ಎಂಬುದಕ್ಕೆ ಇದಕ್ಕಿಂತ ಅಕ್ಷರಶಃ ಸಮನಾದ ಪದ ಯಾವ ಭಾಷೆಯಲ್ಲೂ ಸಿಕ್ಕದು. ಆದರೆ ಅರ್ಥ ಮಾತ್ರ ತಲೆಕೆಳಗು. ಇಂಗ್ಲಿಷಿನಲ್ಲಿ ದಂಡೆಯ ಮೇಲೆ ನಿಂತವನು ನೀರಿನ ಹಕ್ಕುದಾರ. ನಮ್ಮಲ್ಲಿ ದಂಡೆಯ ಮೇಲೆ ನಿಂತವನು ನೀರಿಗಿಳಿಯದವನು, ಯಾವ ಪಕ್ಷಕ್ಕೂ ಸೇರದವನು, ತನಗೇನೂ ಬೇಡವೆಂದು ನೋಡುತ್ತ ನಿಂತವನು. ಅಲ್ಲಿ ದಂಡೆಯೆಂದರೆ ವ್ಯಾಜ್ಯದ ಆರಂಭ. ಇಲ್ಲಿ ದಂಡೆಯೆಂದರೆ ವ್ಯಾಜ್ಯದಿಂದ ಬಿಡುಗಡೆ. ಭಾಷಾಂತರಕಾರನ ಪಾಡು ಏನಾಗಬೇಡ! 'ಅಪ್ಪರ್ ರೈಪೇರಿಯನ್ ಸ್ಟೇಟ್' ಎಂಬುದನ್ನು 'ಮೇಲಣ ತಟಸ್ಥ ರಾಜ್ಯ' ಎಂದು ಅನುವಾದಿಸಿದರೆ ನೀರಾವರಿ ಮಂತ್ರಿಗಳ ಮುಖಭಾವ ಹೇಗಿದ್ದೀತು!

ಈ ಎರಡು ಅರ್ಥಗಳ ನಡುವೆ ನಿಜವಾಗಿ ಸಿಕ್ಕಿಕೊಂಡ ಊರುಗಳುಂಟು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಅಂಥ ಒಂದು ಊರು. ಅದು ವೇದಾವತಿ ನದಿಯ ದಂಡೆಯ ಸೀಮೆ. ಬಾಬಾಬುಡನ್‌ಗಿರಿಯ ಕಡೆಯಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿದುಬಂದು ಕಡೂರಿನ ಬಳಿ ಕೂಡಿ ವೇದಾವತಿಯಾಗುವುವು. ಹಿರಿಯೂರಿನ ಮೇಲುಗಡೆ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕಟ್ಟೆ. ಅದನ್ನು ದಾಟಿ, ಚಳ್ಳಕೆರೆ ತಾಲ್ಲೂಕನ್ನು ಹಾದು, ಪರಶುರಾಂಪುರದ ಸೀಮೆಯಿಂದ ನದಿ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಕಾಲಿಟ್ಟು ಭೈರವಾನಿತಿಪ್ಪೆಯ ಜಲಾಶಯ ಸೇರುವುದು. ಅಲ್ಲಿಂದ ಮುಂದೆ ಹಗರಿಯೆಂಬ ಹೆಸರಿನಲ್ಲಿ ಮತ್ತೆ ಕರ್ನಾಟಕದ ಬಳ್ಳಾರಿ ಸೀಮೆಗೆ ಬಂದು ತುಂಗಭದ್ರೆಯಲ್ಲಿ ಲೀನ. ಒಂದೇ ಹೊಳೆ, ಎರಡು ರಾಜ್ಯ, ಎರಡು ಹೆಸರು. ಸಂತೆಯಲ್ಲಿ ಎರಡು ಭಾಷೆ. ತೆಲುಗಿನವನು 'ಒಡ್ಡು' ಎಂದರೆ ಹೊಳೆಯ ದಂಡೆ. ಕನ್ನಡದವನು 'ಒಡ್ಡು' ಎಂದರೆ ನೀರು ತಡೆಯಲು ಹಾಕಿದ ಕಟ್ಟೆ. ದಂಡೆಯೂ ಕಟ್ಟೆಯೂ ಒಂದೇ ಪದವಾದ ಗಡಿಯಲ್ಲಿ ನೀರಿನ ನ್ಯಾಯ ಕಷ್ಟವಾದರೆ ಆಶ್ಚರ್ಯವೇನು?

ಹೊಳೆಯೆಂದೊಡನೆ ಕಾವೇರಿ, ತುಂಗೆಗಳನ್ನು ನೆನೆಯಬಾರದು. ಕರ್ನಾಟಕದಲ್ಲೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಕಡಲೆಕಾಯಿಯ ಹೊಲಗಳು, ಕುರಿಯ ಮಂದೆಗಳು, ಕಂಬಳಿಯ ಮಗ್ಗಗಳು—ಇವು ಆ ಸೀಮೆಯ ಸಂಪತ್ತು. ವೇದಾವತಿಯೆಂದರೆ ವರ್ಷದ ಬಹುಪಾಲು ಅಗಲವಾದ ಮರಳಿನ ಹಾಸು. ನೀರು ಮೇಲಿರದು, ಒಳಗಿರುವುದು. ಮರಳನ್ನು ತೋಡಿದರೆ ಒರತೆ. ಆ ಮರಳಿನ ತೇವದಿಂದಲೇ ದಂಡೆಯ ಬಾವಿಗಳು ಉಸಿರಾಡುತ್ತಿದ್ದುವು. ಆ ಬಾವಿಗಳಿಂದ ತೆಂಗಿನ ತೋಟಗಳು.

ಅಂಥ ದಂಡೆಯ ಮೇಲೆ ನಾಲ್ಕೆಕರೆ ಹೊಲವೂ ಮೂವತ್ತು ತೆಂಗಿನ ಮರಗಳೂ ಇದ್ದ ಮುದುಕರೊಬ್ಬರ ಮನೆಗೆ, ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದ ಮೊಮ್ಮಗ ಬೇಸಗೆಯ ರಜಕ್ಕೆ ಬಂದ. ವಾಣಿವಿಲಾಸ ಸಾಗರ ತಳ ಕಂಡಿದ್ದ ಬರಗಾಲದ ದಿನಗಳವು. ಜಗುಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ ಹುಡುಗನ ಬಾಯಿಂದ 'ರೈಪೇರಿಯನ್' ಎಂಬುದು ನಾಲ್ಕಾರು ಸಲ ಬಿದ್ದದ್ದನ್ನು ಕೇಳಿ ಮುದುಕರಿಗೆ ಕುತೂಹಲವಾಯಿತು.

"ಅದೇನೋ ಮಗಾ, ಆ ಇಂಗ್ಲಿಷ್ ಮಾತು?"

"ಹೊಳೆ ದಂಡೆ ಮೇಲೆ ಹೊಲ ಇರೋರು ಅಂತ ತಾತ. ಅಂಥೋರಿಗೆ ಹೊಳೆ ನೀರಿನ ಮೇಲೆ ಹಕ್ಕು ಇರ್ತದೆ."

"ಹಂಗಾದ್ರೆ ನಾವೂ ಅದೇ ಆದ್ವಲ್ಲೋ!"

"ಹೂಂ ತಾತ."

ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಂಡೆ ಐತೆ, ಹಕ್ಕೂ ಐತೆ ಅಂತೀಯ. ಹೊಳೆ ಎಲ್ಲೈತೆ, ಬಾ ತೋರ್ಸು" ಎಂದರು.

ಹುಡುಗನ ಪುಸ್ತಕದಲ್ಲಿ ಅದಕ್ಕೆ ಉತ್ತರವಿತ್ತು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯಿದೆಯು ಹರಿವ ನೀರಿನ ಅಂಚಿನಲ್ಲಿ ನೆಲವುಳ್ಳ ಪ್ರತಿಯೊಬ್ಬನಿಗೂ ಕುಡಿಯಲು, ಮನೆಬಳಕೆಗೆ, ದನಕುರಿಗಳಿಗೆ, ಮತ್ತು ತನ್ನಂಥ ಇತರ ಒಡೆಯರಿಗೆ ಗಣನೀಯ ಹಾನಿಯಾಗದಂತೆ ಬೇಸಾಯಕ್ಕೆ ನೀರನ್ನು ಬಳಸುವ ಹಕ್ಕಿದೆಯೆಂದು ಒಪ್ಪುತ್ತದೆ. ಸದಾ ಹರಿಯುವ ತೊರೆಯೇ ಆಗಬೇಕೆಂದಿಲ್ಲ. ಆಗಾಗ ಹರಿಯುವುದಾದರೂ ಸರಿ, ನೆಲದೊಳಗೆ ಹರಿಯುವುದಾದರೂ ಸರಿ, ತಿಳಿದ ಸಹಜ ಮಾರ್ಗವೊಂದಿದ್ದರೆ ಸಾಕು. ಮರಳಿನಡಿಯ ವೇದಾವತಿಯನ್ನು ನೋಡಿಯೇ ಬರೆದಂತಿರುವ ಮಾತು. ಆದರೆ ಅದೇ ಕಾಯಿದೆ ಮೊದಲಲ್ಲೇ ಇನ್ನೊಂದನ್ನೂ ಹೇಳಿಬಿಟ್ಟಿದೆ: ನದಿಗಳ ನೀರನ್ನು ಕೂಡಿಡುವ, ತಡೆಯುವ, ಹಂಚುವ ಸರ್ಕಾರದ ಹಕ್ಕಿಗೆ ಇದರಿಂದ ಯಾವ ಬಾಧಕವೂ ಇಲ್ಲ. ದಂಡೆಯವನ ಹಕ್ಕು ಸರ್ಕಾರದ ಕಟ್ಟೆಯ ಎದುರಿಗೆ ಕುಳ್ಳಾಗಿ ನಿಲ್ಲುವುದು ಹೀಗೆ.

ಸರ್ಕಾರಗಳೂ ತಮ್ಮೊಳಗೆ ದಂಡೆಯವರೇ. 1892ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿ ಕಾವೇರಿಯೊಡನೆ ಹಗರಿ ಅಥವಾ ವೇದಾವತಿಯ ಹೆಸರೂ ಉಂಟು. ಮದರಾಸಿನ ಒಪ್ಪಿಗೆಯನ್ನು ಮೊದಲು ಪಡೆಯದೆ ಮೈಸೂರು ಅಂಥ ನದಿಗಳಿಗೆ ಹೊಸ ನೀರಾವರಿ ಕಟ್ಟಡ ಕಟ್ಟತಕ್ಕುದಲ್ಲವೆಂಬುದೇ ಅದರ ತಿರುಳು. ಕೆಳದಂಡೆಯವನು ಬಲಶಾಲಿಯಾದರೆ ಮೇಲ್ದಂಡೆಯವನ ಕೈ ಹೇಗೆ ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. (ಅದೇ 1892ರಲ್ಲಿ, ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳಲ್ಲಿ ಬಿ.ಎಲ್. ರೈಸರು ಅಶೋಕನ ಶಾಸನಗಳನ್ನು ಗುರುತಿಸಿದರು. ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ, ಈ ಸೀಮೆಯ ಯಾರಿಗೂ ಓದಲು ಬಾರದ, ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಕೆತ್ತಿಬಿಟ್ಟ. ದೂರದಿಂದ ಬಂದ ಅಪರಿಚಿತ ಮಾತು ಈ ನೆಲಕ್ಕೆ ಹೊಸತಲ್ಲ.)

ಒಪ್ಪಂದವಾದ ಆರು ವರ್ಷಕ್ಕೆ, 1898ರಲ್ಲಿ, ಮಾರಿಕಣಿವೆಯ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. ಮೂವತ್ತು ಟಿ.ಎಂ.ಸಿ. ಹಿಡಿಯುವ ಆ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದದ್ದನ್ನು ಬಿಟ್ಟರೆ, ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವೆ ಎಂಬತ್ತೊಂಬತ್ತು ವರ್ಷ. ಹಿರಿಯೂರಿನ ಅಚ್ಚುಕಟ್ಟು ಹಸಿರಾಯಿತು. ಪರಶುರಾಂಪುರದ ದಂಡೆ ಕಾಯುತ್ತ ಕುಳಿತಿತು.

'ಅಚ್ಚುಕಟ್ಟು' ಎಂಬ ಈ ಮಾತಿನ ಮೇಲೆ ಒಂದು ಗಳಿಗೆ ನಿಲ್ಲಬೇಕು. ಕನ್ನಡನಾಡಿನ ಬಯಲುಸೀಮೆಯಲ್ಲಿ ನೀರಿನ ಹಕ್ಕು ದಂಡೆಯಿಂದ ಹುಟ್ಟಿದುದಲ್ಲ, ಕೆರೆಯ ಕಟ್ಟೆಯಿಂದ ಹುಟ್ಟಿದುದು. ಕೆರೆಯ ತೂಬಿನ ನೀರು ಎಲ್ಲಿಯವರೆಗೆ ಹಾಯುವುದೋ ಅಷ್ಟು ನೆಲ ಅಚ್ಚುಕಟ್ಟು. ಅದರೊಳಗೆ ಯಾರಿಗೆ ಯಾವಾಗ ಎಷ್ಟು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ. ನೀಟಾದುದಕ್ಕೆಲ್ಲ ಕನ್ನಡಿಗರು ಅಚ್ಚುಕಟ್ಟೆನ್ನುವುದು ಸುಮ್ಮನೆ ಅಲ್ಲ. ವರ್ಷವಿಡೀ ತುಂಬಿ ಹರಿಯುವ ತೊರೆಗಳ ದೇಶದಲ್ಲಿ 'ದಂಡೆಯವನಿಗೆ ಹಕ್ಕು' ಎಂದರೆ ಸಾಕು. ನೀರು ತಾನಾಗಿ ಬಂದು ನಿಂತಿರುವುದು. ನೀರನ್ನು ಹಿಡಿದು ನಿಲ್ಲಿಸಬೇಕಾದ ದೇಶದಲ್ಲಿ ಹಿಡಿದವನದೇ ಮಾತು. ಇಂಗ್ಲೆಂಡಿನ ವಿಶೇಷಣ ಈ ಮರಳಿನಲ್ಲಿ ಕಾಲು ಹೂತು ನಿಲ್ಲುವುದು ಇದಕ್ಕಾಗಿಯೇ.

ನ್ಯಾಯಮಂಡಳಿಗಳ ಭಾಷೆ ಇನ್ನೂ ಬೇರೆ. ಕೃಷ್ಣಾ ನದಿಯ ವಿವಾದಕ್ಕಾಗಿ 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯ ತೀರ್ಪು 1976ರಲ್ಲಿ ಜಾರಿಗೆ ಬಂದಾಗ, ವೇದಾವತಿಯ ಉಪಕಣಿವೆಯಿಂದ ಕರ್ನಾಟಕ 42 ಟಿ.ಎಂ.ಸಿ.ಗೂ, ಆಂಧ್ರಪ್ರದೇಶ ಹನ್ನೆರಡೂವರೆ ಟಿ.ಎಂ.ಸಿ.ಗೂ ಹೆಚ್ಚು ಬಳಸಕೂಡದೆಂದು ಮಿತಿ ಹಾಕಿತು. ಅಲ್ಲಿ ದಂಡೆಯ ರೈತನಿಲ್ಲ, ದಂಡೆಯ ರಾಜ್ಯವಿದೆ. ರಾಜ್ಯದ ಪಾಲು ರಾಜ್ಯದೊಳಗೆ ಹೇಗೆ ಹರಿಯಬೇಕೆಂಬುದು ಮನೆಯೊಳಗಿನ ದಾಯಾದಿತನದ ಮಾತು. 2020ರ ಬೇಸಗೆಯಲ್ಲಿ ವಾಣಿವಿಲಾಸ ಸಾಗರದ ನೀರನ್ನು ವೇದಾವತಿಯ ಮೂಲಕ ಚಳ್ಳಕೆರೆ ತಾಲ್ಲೂಕಿಗೆ ಬಿಡುವ ಮಾತು ಬಂದಾಗ ಹಿರಿಯೂರಿನ ಕಡೆಯಿಂದ ವಿರೋಧವೆದ್ದಿತು. ಒಂದೇ ಜಿಲ್ಲೆ, ಒಂದೇ ಭಾಷೆ, ಬೀಗತನ ಕೂಡ ಉಂಟು. ಆದರೂ ರೋಮಿನ ಆ ಹಳೆಯ ಕಾಲುವೆಯವರೇ! ಹಿರಿಯೂರಿನವರದು ತಪ್ಪೆಂದು ಹೇಳುವುದು ಸುಲಭವಲ್ಲ. ಬತ್ತಿದ ಸಾಗರವನ್ನು ದಿನವೂ ಕಣ್ಣೆದುರು ಕಂಡವರು ಅವರು.

ಮುದುಕರ ಹೊಲಕ್ಕೆ ಬಂದ ಕಷ್ಟ ಮಾತ್ರ ಮೇಲಿನಿಂದ ಬರಲಿಲ್ಲ, ಎದುರಿನಿಂದಲೇ ಬಂತು. ಹೊಳೆಯ ಮರಳನ್ನು ಲಾರಿಗಳು ರಾತ್ರಿ ಹೊತ್ತು ತುಂಬಿಕೊಂಡು ಹೋಗತೊಡಗಿದ್ದುವು. ಮರಳು ಹೋದಂತೆ ಒರತೆ ಇಳಿಯಿತು, ಬಾವಿ ಬತ್ತಿತು, ತೆಂಗಿನ ಗರಿಗಳು ಜೋತುಬಿದ್ದುವು. ದಂಡೆಯ ಹೊಲದವರೆಲ್ಲ ಕೂಡಿ ಅರ್ಜಿ ಕೊಡುವುದೆಂದಾಯಿತು. ಬರೆಯುವ ಕೆಲಸ ಕಾನೂನಿನ ಹುಡುಗನ ಪಾಲಿಗೆ ಬಂತು. ಮೊದಲ ಸಾಲಿನಲ್ಲೇ ಅವನು ನಿಂತ. 'ನಾವು ಈ ನದಿಯ ರೈಪೇರಿಯನ್ ಒಡೆಯರು' ಎಂಬುದನ್ನು ಕನ್ನಡದಲ್ಲಿ ಹೇಳುವುದು ಹೇಗೆ? 'ತಟಸ್ಥರು' ಎಂದರೆ ಅರ್ಜಿಯೇ ಬೇಕಾಗಿಲ್ಲ. 'ತೀರವಾಸಿಗಳು' ಎಂದರೆ ಕವಿತೆಯಂತಿದೆ. ಅಲ್ಲದೆ ವಾಸವಿರುವುದು ಊರಿನಲ್ಲಿ, ಹೊಲ ಮಾತ್ರ ತೀರದಲ್ಲಿ. ಪತ್ರಿಕೆಗಳು ಬರೆಯುವ 'ನದೀಪಾತ್ರದವರು' ಎಂಬುದನ್ನು ಹಾಕಿದ. ಅದನ್ನು ಕೇಳಿ ಹಿರಿಯರೊಬ್ಬರು ಬೆಚ್ಚಿದರು. ಪಾತ್ರವೆಂದರೆ ನೀರು ಹರಿಯುವ ಜಾಗ. ಪಾತ್ರದೊಳಗೆ ಇದ್ದೇವೆಂದು ತಾವೇ ಬರೆದುಕೊಟ್ಟರೆ, ಒತ್ತುವರಿಯೆಂದು ತಮ್ಮನ್ನೇ ಎಬ್ಬಿಸಿಯಾರು! ಆ ಹೆದರಿಕೆ ನ್ಯಾಯವಾದುದು. ಪತ್ರಿಕೆಗಳು ಈ ಪದವನ್ನು ಬಿಟ್ಟರೆ ಒಳ್ಳೆಯದು. 'ಕಣಿವೆ ರಾಜ್ಯ' ಎಂಬುದೂ ಸರಿಯಲ್ಲ. ಕಣಿವೆಯೆಂದರೆ ನೀರು ಬಸಿದು ಬರುವ ನೆಲವೆಲ್ಲ ಸೇರಿತು, ದಂಡೆಯೆಂದರೆ ಅಂಚು ಮಾತ್ರ.

ಕೊನೆಗೆ ಮುದುಕರೇ, "ಹೊಳೆದಂಡೆ ಹೊಲದೋರು ಅಂತ ಬರಿಯೋ. ಅಷ್ಟಕ್ಕೆ ಯಾಕೆ ಒದ್ದಾಡ್ತೀಯ?" ಎಂದರು. ಹಾಗೆಯೇ ಬರೆದದ್ದಾಯಿತು. ನಿಜ ನೋಡಿದರೆ ಕನ್ನಡ ಈ ದಾರಿಯನ್ನು ಮೊದಲೇ ಹಿಡಿದಿತ್ತು. ಎಡದಂಡೆ ನಾಲೆ, ಬಲದಂಡೆ ನಾಲೆಗಳು ರೈತರ ಬಾಯಲ್ಲಿ ಎಂದೋ ನೆಲೆಗೊಂಡಿವೆ. ಇಂಗ್ಲಿಷಿನಲ್ಲಿ 'ಅಪ್ಪರ್ ಭದ್ರಾ' ಎಂದು ಮಾತ್ರ ಇರುವ ಯೋಜನೆಗೆ ಕನ್ನಡದಲ್ಲಿ 'ಭದ್ರಾ ಮೇಲ್ದಂಡೆ' ಎಂದು ಹೆಸರು. ಮೂಲದಲ್ಲಿ ಇಲ್ಲದ ದಂಡೆಯನ್ನು ಕನ್ನಡದವರು ತಾವಾಗಿ ಸೇರಿಸಿದ್ದಾರೆ. ಮೇಲ್ದಂಡೆಯ ರಾಜ್ಯ, ಕೆಳದಂಡೆಯ ರಾಜ್ಯ, ದಂಡೆಯ ಹಕ್ಕು—ಇಷ್ಟರಿಂದ ಆ ವಿಶೇಷಣದ ಕೆಲಸವೆಲ್ಲ ನಡೆಯುವುದು. ಆ ಯೋಜನೆಯಿಂದಲೇ 2019ರಿಂದ ಈಚೆಗೆ ಭದ್ರೆಯ ನೀರನ್ನು ಎತ್ತಿ ವಾಣಿವಿಲಾಸ ಸಾಗರಕ್ಕೆ ಹಾಯಿಸುತ್ತಿರುವುದು. ಭದ್ರೆಯ ನೀರಿಗೆ ವೇದಾವತಿಯ ದಂಡೆಯವನು ರೈಪೇರಿಯನ್ ಆಗುವನೇ ಎಂದು ಕೇಳಿದರೆ ಕಾನೂನಿನ ಹುಡುಗನೂ ತಲೆ ಕೆರೆದುಕೊಂಡಾನು.

ಅರ್ಜಿಗೆ ಮೊಹರು ಬಿತ್ತು, ಕೂಲಂಕಷವಾಗಿ ಪರಿಶೀಲಿಸುವ ಭರವಸೆಯೂ ಸಿಕ್ಕಿತು. ಲಾರಿಗಳು ಕೆಲವು ತಿಂಗಳು ನಿಂತುವು. ಮೂವತ್ತು ತೆಂಗಿನಲ್ಲಿ ಹನ್ನೊಂದು ಉಳಿದುವು.

ಆಮೇಲೆ 2022ರಲ್ಲಿ ಹೊಳೆ ಬಂತು. ಮಾರಿಕಣಿವೆ ಕೋಡಿ ಬಿದ್ದು, ಕೆಳಗಿನ ಹಳ್ಳಗಳೂ ಕೂಡಿಕೊಂಡು, ಮರಳಿನ ಹಾಸೆಲ್ಲ ಮುಚ್ಚಿ, ಕೆಂಪು ನೀರು ಎರಡು ದಂಡೆಗಳನ್ನೂ ಉಜ್ಜುತ್ತ ಹರಿಯಿತು. ಊರಿನವರು ಬಾಗಿನ ಬಿಟ್ಟರು. ಮೂರನೆಯ ರಾತ್ರಿ ಮುದುಕರ ಹೊಲದ ಅಂಚಿನ ಎರಡು ಗುಂಟೆ ನೆಲ, ಅದರ ಮೇಲಿದ್ದ ಒಂದು ತೆಂಗಿನ ಮರದ ಸಮೇತ, ಕುಸಿದು ಹೊಳೆಯ ಪಾಲಾಯಿತು. ಮನೆಯವರೆಲ್ಲ ಮರುಗಿದರು. ಮುದುಕರು ಮಾತ್ರ ಬೆಳಗಿನಿಂದ ಅಲ್ಲೇ ಕಂಬಳಿ ಹೊದ್ದು ಕುಳಿತಿದ್ದವರು, ಊಟಕ್ಕೆ ಕರೆಯಲು ಬಂದ ಸೊಸೆಗೆ, "ಇರಮ್ಮಾ, ಇನ್ನೊಂದಿಷ್ಟು ಹೊತ್ತು ನೋಡ್ತೀನಿ" ಎಂದರು. ಬಾವಿಯಲ್ಲಿ ಆ ವರ್ಷ ಕೈಗೆಟುಕುವಷ್ಟು ನೀರು. ಪಹಣಿಯಲ್ಲಿ ಹೊಲ ಇಂದಿಗೂ ನಾಲ್ಕು ಎಕರೆಯೇ.